ಲಿಮಾದ ವರ್ತಕನ ಕೊನೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಹದಿನೇಳನೆಯ ಶತಮಾನದ ಲಿಮಾ ನಗರ. ಪೆರುವನ್ನು ಸ್ಪೇನಿನ ದೊರೆ ಆಳುತ್ತಿದ್ದ ಕಾಲ. ಅಲ್ಲಿನ ಒಬ್ಬ ಸಗಟು ವ್ಯಾಪಾರಿ ಹಾಸಿಗೆ ಹಿಡಿದಿದ್ದಾನೆ, ಏಳುವ ಭರವಸೆಯಿಲ್ಲ ಎಂದಿಟ್ಟುಕೊಳ್ಳಿ. ಮನೆಯವರು ಇಬ್ಬರಿಗೆ ಹೇಳಿಕಳಿಸುತ್ತಾರೆ. ಒಬ್ಬರು ಪಾದ್ರಿ. ಇನ್ನೊಬ್ಬ ಎಸ್ಕ್ರಿಬಾನೊ, ಅಂದರೆ ದಸ್ತಾವೇಜು ಬರೆಯಲು ಅಧಿಕಾರ ಪಡೆದ ನೋಟರಿ. ಇಬ್ಬರ ಕೆಲಸವೂ ಒಂದಕ್ಕೊಂದು ಹೆಣೆದುಕೊಂಡಿತ್ತು. ಅನ್ಯರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಮನಸ್ಸು ಮಾಡದವನಿಗೆ ಪಾಪವಿಮೋಚನೆ ಇಲ್ಲ ಎಂಬುದು ಚರ್ಚಿನ ಬೋಧನೆ. ಹಾಗಾಗಿಯೇ ಆ ಕಾಲದ ಉಯಿಲುಗಳಲ್ಲಿ ಸಾಲದ ಮಾತು ಬಂದಲ್ಲೆಲ್ಲ ‘ನನ್ನ ಅಂತಃಸಾಕ್ಷಿಯ ಭಾರ ಇಳಿಸುವುದಕ್ಕಾಗಿ’ ಎಂಬ ಒಕ್ಕಣೆ ಬರುತ್ತದೆ.

ಮೊದಲು, ಇವನ ಹಣ ಎಲ್ಲಿದೆ ಎಂದು ನೋಡಬೇಕು. ಮನೆ, ಬೆಳ್ಳಿಯ ತಟ್ಟೆ, ಗೋದಾಮಿನ ಬಟ್ಟೆಯ ಮೂಟೆ ಕಣ್ಣಿಗೆ ಕಾಣುತ್ತವೆ. ನಿಜವಾದ ಬಂಡವಾಳ ಮಾತ್ರ ಬೇರೆಯವರ ಕೈಯಲ್ಲಿ. ಸ್ಪೇನಿನ ಹಡಗುಗಳು ಪನಾಮಾ ಭೂಕಂಠದ ಪೊರ್ಟೊಬೆಲೊಗೆ ಸರಕು ತರುತ್ತಿದ್ದವು. ಲಿಮಾದ ವರ್ತಕರು ಬೆಳ್ಳಿ ಹೊತ್ತುಕೊಂಡು ಅಲ್ಲಿನ ಸಂತೆಗೆ ಹೋಗಿ, ಅರ್ಧ ನಗದು ಅರ್ಧ ಉದ್ರಿ ಎಂಬಂತೆ ಕೊಂಡು, ಪೆಸಿಫಿಕ್ ಸಾಗರದ ದಾರಿಯಲ್ಲಿ ಕಯ್ಯಾವೊ ಬಂದರಿಗೆ ತರುತ್ತಿದ್ದರು. ಅಲ್ಲಿಂದ ಆ ಸರಕು ಕುಸ್ಕೊಗೆ, ಬೆಳ್ಳಿ ಗಣಿಯ ಊರಾದ ಪೊಟೊಸಿಗೆ ಹೇಸರಗತ್ತೆಗಳ ಮೇಲೆ ಹೋಗುತ್ತಿತ್ತು, ಅದೂ ಉದ್ರಿಯ ಮೇಲೆಯೇ. ಹಣ ತಿರುಗಿ ಬರಲು ವರ್ಷ ಹಿಡಿಯುತ್ತಿತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇಂಥವನು ನಡುವೆ ಸತ್ತರೆ, ಯಾರು ಎಷ್ಟು ಕೊಡಬೇಕು ಎಂಬ ನೆನಪೂ ಅವನ ಜೊತೆಗೇ ಮಣ್ಣಾಗುತ್ತದೆ. ಉಯಿಲಿನ ಅಸಲಿ ಕೆಲಸ ಆ ನೆನಪನ್ನು ಕಾಗದಕ್ಕಿಳಿಸುವುದು.

ಬರೆಯುವ ಕ್ರಮ ಹೆಚ್ಚೂಕಡಿಮೆ ಎಲ್ಲ ಕಡೆಯೂ ಒಂದೇ. ದೇವರ ಹೆಸರು, ತನ್ನ ಹೆಸರು, ಹುಟ್ಟೂರು, ತಂದೆತಾಯಿಯರ ಹೆಸರು, ಬುದ್ಧಿ ಸ್ವಸ್ಥವಾಗಿದೆ ಎಂಬ ಹೇಳಿಕೆ, ನಂಬಿಕೆಯ ಘೋಷಣೆ. ಆಮೇಲೆ ಎಲ್ಲಿ ಹೂಳಬೇಕು, ಎಷ್ಟು ಪೂಜೆ ಹೇಳಿಸಬೇಕು ಎಂಬುದು. ಫ್ರಾನ್ಸಿಸ್ಕನ್ ಸನ್ಯಾಸಿಗಳ ನಿಲುವಂಗಿಯನ್ನೇ ಶವವಸ್ತ್ರವಾಗಿ ಕೇಳಿಕೊಂಡವರು ಬಹಳ ಮಂದಿ. ಸೆರೆಸಿಕ್ಕವರ ಬಿಡುಗಡೆಯಂಥ ಧರ್ಮಕಾರ್ಯಗಳಿಗೆ ಒಂದಿಷ್ಟು ರಿಯಾಲ್ ನಾಣ್ಯ ಕೊಡುವುದು ಕಡ್ಡಾಯ. ಅದನ್ನು ಕೊಟ್ಟು, ‘ಇದರೊಂದಿಗೆ ಇವುಗಳನ್ನು ನನ್ನ ಆಸ್ತಿಯಿಂದ ದೂರವಿಡುತ್ತೇನೆ’ ಎಂದು ಬರೆಸುತ್ತಿದ್ದರು. ಮುಂದೆ ಆ ಹೆಸರಿನಲ್ಲಿ ಯಾರೂ ಕೈಚಾಚಬಾರದು ಎಂಬ ಎಚ್ಚರ ಅದು.

ಇಷ್ಟಾದ ಮೇಲೆ ಬರುವುದೇ ತಿರುಳು. ‘ನಾನು ಕೊಡಬೇಕಾದ್ದು’, ‘ನನಗೆ ಬರಬೇಕಾದ್ದು’. ಒಂದೊಂದು ಬಾಬತ್ತಿಗೂ ಒಂದೊಂದು ಕಲಮು. ಇಲ್ಲಿ ಮೊತ್ತವನ್ನಷ್ಟೇ ಹೇಳಿದರೆ ಸಾಲದು, ಯಾವ ಪೆಸೊ ಎಂದೂ ಹೇಳಬೇಕು. ಸಾಮಾನ್ಯ ಪೆಸೊ ಎಂದರೆ 8 ರಿಯಾಲ್. ರಿಯಾಲಿಗಿಂತ ಚಿಕ್ಕ ಮಾನ ಮರವೇದಿ; ಒಂದು ರಿಯಾಲಿಗೆ 34 ಮರವೇದಿಯಂತೆ ಒಂದು ಪೆಸೊಗೆ 272 ಮರವೇದಿ. ಬೆಳ್ಳಿಗಟ್ಟಿಯ ಲೆಕ್ಕದಲ್ಲಿ ಬಳಸುತ್ತಿದ್ದ ‘ಎನ್ಸಯಾದೊ’ ಪೆಸೊಗೆ 450 ಮರವೇದಿ. ಸಾವಿರ ಪೆಸೊ ಎಂದು ಬರೆಸಿ ಯಾವುದೆಂದು ಬಿಟ್ಟರೆ, ಒಬ್ಬ ಸಾವಿರ ಎನ್ನುತ್ತಾನೆ, ಇನ್ನೊಬ್ಬ ಅದನ್ನೇ ಸಾಮಾನ್ಯ ಪೆಸೊಗೆ ತಿರುಗಿಸಿ 1,654 ಎನ್ನುತ್ತಾನೆ. ಒಂದು ಪದ ಬಿಟ್ಟುಹೋದದ್ದಕ್ಕೆ ಆರುನೂರಕ್ಕೂ ಮೀರಿದ ಪೆಸೊಗಳ ತಕರಾರು.

ಸಾಲಕ್ಕೆ ಯಾವ ಕಾಗದವಿದೆ ಎಂಬುದೂ ಅಷ್ಟೇ ಮುಖ್ಯ. ನೋಟರಿಯ ಮುಂದೆ ಬರೆದ ಸಾಲಪತ್ರಕ್ಕೆ ಬಲ ಹೆಚ್ಚು, ಅದರ ಮೇಲೆ ನೇರವಾಗಿ ಜಪ್ತಿ ಕೇಳಬಹುದು. ಸಾಲಗಾರ ತಾನೇ ಸಹಿ ಹಾಕಿಕೊಟ್ಟ ಚೀಟಿಯಾದರೆ, ‘ಈ ಸಹಿ ನನ್ನದೇ’ ಎಂದು ಅವನು ನ್ಯಾಯಾಧೀಶರ ಮುಂದೆ ಒಪ್ಪಬೇಕು. ಇನ್ನು ಬರೀ ಖಾತೆ ಪುಸ್ತಕದ ಬಾಕಿ. ವರ್ತಕರು ಕಾಸ್ಟಿಲಿಯನ್, ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ, ಜಮಾ ಖರ್ಚು ಎರಡೂ ಬದಿ ತೋರಿಸಿ, ಖಿರ್ದಿಯನ್ನೂ ಖಾತೆಯನ್ನೂ ಇಡಬೇಕೆಂದು ಸ್ಪೇನಿನ ಅರಸೊತ್ತಿಗೆ 1549ರಲ್ಲೇ ಆಜ್ಞೆ ಮಾಡಿತ್ತು. ಪುಸ್ತಕ ಚೊಕ್ಕವಾಗಿದ್ದರೆ ಉಯಿಲು ಚಿಕ್ಕದಾಗುತ್ತದೆ. ‘ನನ್ನ ಖಾತೆ ಪುಸ್ತಕದಲ್ಲಿ ಕಂಡಂತೆ ವಸೂಲು ಮಾಡಿ, ಕಂಡಂತೆ ತೀರಿಸಿ’ ಎಂದರೆ ಸಾಕು. ಪುಸ್ತಕಕ್ಕೆ ಏರದ ಚಿಲ್ಲರೆ ಸಾಲಕ್ಕೂ ಒಂದು ದಾರಿಯಿತ್ತು: ಒಳ್ಳೆಯ ಹೆಸರಿನವನು ಯಾರಾದರೂ ಪ್ರಮಾಣ ಮಾಡಿ ಕೇಳಿದರೆ, ಇಂತಿಷ್ಟು ಪೆಸೊವರೆಗೆ ಪುರಾವೆ ಕೇಳದೆ ಕೊಡಿ ಎಂಬ ಕಲಮು. ನನಗೆ ಈ ಉಯಿಲುಗಳಲ್ಲಿ ಬಹಳ ಹಿಡಿಸಿದ ಕಲಮು ಇದೇ.

ಎಡವಟ್ಟಾಗುವ ಜಾಗಗಳು ಗೊತ್ತಿದ್ದವೇ. ತೀರಿಸಿದ ಸಾಲದ ಪತ್ರವನ್ನು ನೋಟರಿಯ ದಫ್ತರದಲ್ಲಿ ರದ್ದು ಮಾಡಿಸದೆ ಬಿಡುವುದು ಒಂದು. ವರ್ಷಗಳ ಮೇಲೆ ಸಾಲ ಕೊಟ್ಟವನ ಮಕ್ಕಳು ಅದೇ ಪತ್ರ ಹಿಡಿದು ಬರುತ್ತಾರೆ, ಪಾವತಿಯ ರಸೀದಿ ಸಿಗದಿದ್ದರೆ ಎರಡನೆಯ ಸಲ ಕೊಡಬೇಕು. ಎರಡನೆಯದು ಹೆಸರಿನ ಗೊಂದಲ. ಒಬ್ಬನ ಬೆಳ್ಳಿಗಟ್ಟಿಯನ್ನು ಇನ್ನೊಬ್ಬನ ಹೆಸರಿನಲ್ಲಿ ಹಡಗಿಗೆ ದಾಖಲು ಮಾಡಿಸುವುದು ವರ್ತಕರಲ್ಲಿ ಬಳಕೆಯಲ್ಲಿತ್ತು. ‘ಇಂಥ ಹಡಗಿನಲ್ಲಿ ನನ್ನ ಹೆಸರಿನಲ್ಲಿ ಹೋದ ಬೆಳ್ಳಿ ನನ್ನದಲ್ಲ, ಇಂಥವನದು’ ಎಂದು ಸಾಯುವವನು ಹೇಳದೆ ಹೋದರೆ, ನಿಜವಾದ ಒಡೆಯ ವರ್ಷಗಟ್ಟಲೆ ಕೋರ್ಟು ಕಟ್ಟೆ ಹತ್ತಬೇಕಾಗುತ್ತಿತ್ತು.

ಸಾಲದ ಪಟ್ಟಿ ಮುಗಿದರೆ ಹಂಚಿಕೆ. ಇದಕ್ಕೆ ಆಧಾರ ಸ್ಪೇನಿನ ತೊರೊ ಊರಿನ ಹೆಸರು ಹೊತ್ತ 1505ರ ತೊರೊ ಕಾನೂನುಗಳು, ಒಟ್ಟು 83. ಲೆಕ್ಕ ಅರ್ಥವಾಗಲೆಂದು ಒಂದು ಉದಾಹರಣೆ ಮಾಡಿಕೊಳ್ಳೋಣ. ಎಲ್ಲ ಸೇರಿ 40,000 ಪೆಸೊ ಇದೆ ಎನ್ನಿ. ವ್ಯಾಪಾರದ ಸಾಲ 9,000 ಮೊದಲು ಕಳೆಯಿರಿ. ಹೆಂಡತಿ ತವರಿನಿಂದ ತಂದ ಹಣ 5,000, ಅದು ಅವಳದು. ನಮ್ಮ ಸ್ತ್ರೀಧನದ ಹಾಗೆ ಗಂಡನ ಕೈಯಲ್ಲಿ ಬೆಳೆದಿರಬಹುದು, ಆದರೆ ಅವನದಲ್ಲ, ಹಾಗೇ ತಿರುಗಿ ಹೋಗಬೇಕು. ಗಂಡ ಮದುವೆಗೆ ಮೊದಲೇ ಹೊಂದಿದ್ದ ಬಂಡವಾಳ 4,000, ಅದನ್ನೂ ಬೇರೆ ಇಡಿ. ಉಳಿದ 22,000 ಸಂಸಾರ ಮಾಡುತ್ತಾ ಗಳಿಸಿದ್ದು, ಅದರಲ್ಲಿ ಅರ್ಧ, ಅಂದರೆ 11,000, ಹೆಂಡತಿಗೆ. ಈಗ ಸತ್ತವನ ಸ್ವಂತ ಪಾಲು 11,000ಕ್ಕೆ 4,000 ಸೇರಿ 15,000. ಇದರಲ್ಲಿ ಐದನೇ ಒಂದು ಭಾಗ, 3,000, ಅವನ ಮನಸ್ಸಿಗೆ ಬಂದವರಿಗೆ. ಅಂತ್ಯಕ್ರಿಯೆಯ ಮೇಣದ ಖರ್ಚು, ಪೂಜೆಯ ಖರ್ಚು, ದಾನ, ಎಲ್ಲ ಈ ಐದನೇ ಭಾಗದಿಂದಲೇ ಎಂದು ಕಾನೂನು ಕಟ್ಟುನಿಟ್ಟಾಗಿ ಹೇಳುತ್ತದೆ. ಉಳಿದ 12,000ದಲ್ಲಿ ಮೂರನೇ ಒಂದು ಭಾಗ, 4,000, ಮಕ್ಕಳಲ್ಲೇ ತನಗೆ ಬೇಕಾದ ಒಬ್ಬರಿಗೆ ಹೆಚ್ಚುವರಿಯಾಗಿ ಕೊಡಬಹುದು. ಕೊನೆಗೆ 8,000. ನಾಲ್ಕು ಮಕ್ಕಳಿದ್ದರೆ ತಲಾ 2,000, ಗಂಡು ಹೆಣ್ಣು ಭೇದವಿಲ್ಲದೆ.

ಈ ಲೆಕ್ಕದಲ್ಲಿ ಮನುಷ್ಯರೂ ಸೇರಿರುತ್ತಿದ್ದರು. ಆಫ್ರಿಕಾದಿಂದ ತಂದ ಗುಲಾಮರು ಆಸ್ತಿ ಪಟ್ಟಿಯಲ್ಲಿ ಮಂಚ, ಪೆಟ್ಟಿಗೆ, ಹೇಸರಗತ್ತೆಗಳ ಸಾಲಿನಲ್ಲಿ ಬೆಲೆಯೊಂದಿಗೆ ಬರುತ್ತಾರೆ. ಕೆಲವರಿಗೆ ಉಯಿಲಿನಲ್ಲಿ ಬಿಡುಗಡೆ ಸಿಗುತ್ತಿತ್ತು, ಹಲವು ಸಲ ‘ನನ್ನ ಹೆಂಡತಿ ಬದುಕಿರುವವರೆಗೆ ಸೇವೆ ಮಾಡಿ’ ಎಂಬ ಷರತ್ತಿನೊಂದಿಗೆ. ಆಸ್ತಿಗಿಂತ ಸಾಲ ಹೆಚ್ಚಾಗಿದ್ದರೆ ಸಾಲ ಕೊಟ್ಟವರು ಆ ಬಿಡುಗಡೆಗೇ ಅಡ್ಡ ಬರಬಹುದಿತ್ತು. ಒಬ್ಬ ವರ್ತಕನ ಕೆಟ್ಟ ಲೆಕ್ಕಕ್ಕೆ ಅವನ ಮನೆಯ ಗುಲಾಮ ಹೆಂಗಸು ತನ್ನ ಬಿಡುಗಡೆಯನ್ನೇ ತೆರಬೇಕಾಗುತ್ತಿತ್ತು. ಈ ದಸ್ತಾವೇಜುಗಳನ್ನು ಓದುವಾಗ ಆ ಸಾಲುಗಳನ್ನು ದಾಟಿ ಮುಂದೆ ಹೋಗುವುದು ಕಷ್ಟ.

ಉಯಿಲನ್ನು ಜಾರಿ ಮಾಡುವವನು ಅಲ್ಬಸೇಯ. ಸಾಮಾನ್ಯವಾಗಿ ಹೆಂಡತಿ, ಜೊತೆಗೆ ನಂಬಿಕೆಯ ಒಬ್ಬ ವರ್ತಕ. ಅವರಿಗೆ ಕಾನೂನು ಕೊಟ್ಟ ಗಡುವು ಒಂದು ವರ್ಷ. ಪೊಟೊಸಿಯ ಬಾಕಿ ಒಂದು ವರ್ಷದಲ್ಲಿ ಬರುವುದಿಲ್ಲವಲ್ಲ! ಅದಕ್ಕಾಗಿ ತಿಳಿದ ನೋಟರಿಗಳು ‘ವರ್ಷ ಕಳೆದರೂ ಬೇಕಾದಷ್ಟು ಕಾಲ ಅಧಿಕಾರ ಇರಲಿ’ ಎಂದು ತಪ್ಪದೆ ಸೇರಿಸುತ್ತಿದ್ದರು. ಕೊನೆಗೆ ಹಿಂದಿನ ಉಯಿಲುಗಳೆಲ್ಲ ರದ್ದು ಎಂಬ ಮಾತು, ಸಾಕ್ಷಿಗಳು. ತೆರೆದ ಉಯಿಲಾದರೆ ನೋಟರಿಯ ಜೊತೆ ಅದೇ ಊರಿನ ಮೂವರು. ಒಳಗಿನದು ಗುಟ್ಟಾಗಿರಲಿ ಎಂದು ಮುಚ್ಚಿ ಅರಕು ಹಾಕಿದ್ದಾದರೆ ಏಳು ಮಂದಿ ಹೊರಗಡೆ ಸಹಿ ಹಾಕಬೇಕು. ಕೈ ನಡುಗಿ ಸಹಿ ಮಾಡಲಾಗದಿದ್ದರೆ, ಕಾಯಿಲೆಯ ಕಾರಣ ಸಹಿ ಮಾಡಲಿಲ್ಲ ಎಂದು ನೋಟರಿ ಬರೆಯುತ್ತಾನೆ, ಸಾಕ್ಷಿಯೊಬ್ಬ ಅವನ ಪರವಾಗಿ ಹಾಕುತ್ತಾನೆ.

ಇಷ್ಟೆಲ್ಲ ಹೇಳಿ ಬರೆಸಲೂ ತ್ರಾಣವಿಲ್ಲದವನು ಉಯಿಲು ಬರೆಯುವ ಅಧಿಕಾರವನ್ನೇ ಇನ್ನೊಬ್ಬನಿಗೆ ಕೊಡಬಹುದಿತ್ತು. ಸತ್ತ ಮೇಲೆ ಆತ ಕೂತು ಬರೆಯಬೇಕು. ಊರಲ್ಲೇ ಇದ್ದವನಿಗೆ ನಾಲ್ಕು ತಿಂಗಳ ಗಡುವು. ಆದರೆ ವಾರಸುದಾರ ಯಾರೆಂದು ಸಾಯುವವನೇ ಹೆಸರಿಟ್ಟು ಹೇಳಿರಬೇಕು, ಅದನ್ನು ಬರೆಯುವವನು ತನ್ನಿಷ್ಟದಂತೆ ಆರಿಸುವ ಹಾಗಿಲ್ಲ.

ಏನೂ ಬರೆಯದೆ ಸತ್ತು, ವಾರಸುದಾರರು ಸ್ಪೇನಿನಲ್ಲಿದ್ದರೆ? ಆಗ ಆಸ್ತಿ ‘ಮೃತರ ಸ್ವತ್ತಿನ’ ನ್ಯಾಯಾಲಯದ ಪಾಲು. ಅವನ ಸಾಮಾನು ಸರಂಜಾಮೆಲ್ಲ ಚೌಕದಲ್ಲಿ ಕೂಗಿ ಹರಾಜು. ಬಂದ ಹಣ ಮೂರು ಬೀಗದ ಪೆಟ್ಟಿಗೆಗೆ, ಮೂರು ಕೀಲಿಕೈ ಮೂವರ ಬಳಿ. ಅಲ್ಲಿಂದ ಹಡಗಿನಲ್ಲಿ ಸೆವಿಲ್‌ನ ವ್ಯಾಪಾರ ಕಚೇರಿಗೆ. ವಾರಸುದಾರರನ್ನು ಹುಡುಕಿ, ಅವರು ಸಂಬಂಧ ರುಜುವಾತು ಮಾಡಿ ಪಡೆಯುವಷ್ಟರಲ್ಲಿ ವರ್ಷಗಳು ಉರುಳುತ್ತಿದ್ದವು. ಖಜಾನೆ ಖಾಲಿಯಾದಾಗ ದೊರೆಗಳೇ ಆ ಪೆಟ್ಟಿಗೆಗೆ ಕೈ ಹಾಕಿದ್ದೂ ಉಂಟು. ಸ್ಥಳೀಯ ಅಲ್ಬಸೇಯನನ್ನು ಹೆಸರಿಸಲು ವರ್ತಕರು ಅಷ್ಟು ಆತುರಪಡುತ್ತಿದ್ದದ್ದು ಇದಕ್ಕೇ.

ಎಲ್ಲ ಸರಿಯಾಗಿ ನಡೆದರೆ ಕೊನೆಯಲ್ಲಿ ಪ್ರತಿ ವಾರಸುದಾರನಿಗೂ ಒಂದು ಪಾಲುಪಟ್ಟಿ ಸಿಗುತ್ತಿತ್ತು, ಅದಕ್ಕೆ ಇಹುವೇಲ ಎನ್ನುತ್ತಾರೆ. ಬಂದ ಬೆಳ್ಳಿ, ಮನೆಯ ಭಾಗ, ಬಟ್ಟೆಯ ಮೂಟೆ, ಅವುಗಳ ಬೆಲೆ ಸಾಲಾಗಿ. ವಸೂಲಾಗುವುದು ಅನುಮಾನವಿದ್ದ ಬಾಕಿಗಳನ್ನೂ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ನಮ್ಮ ಉದಾಹರಣೆಯಲ್ಲಿ 2,000 ಪೆಸೊ ಸಿಕ್ಕ ಮಗಳ ಪಟ್ಟಿಯಲ್ಲೂ ಪೊಟೊಸಿಯ ಯಾವನೋ ಅಂಗಡಿಯವನ ಹೆಸರು, ಅವನು ಕೊಡಬೇಕಾದ ಮೊತ್ತ, ಸಾಲಪತ್ರ ಯಾವ ನೋಟರಿಯ ಬಳಿ ಇದೆ ಎಂಬ ಒಂದು ಸಾಲು ಇರುತ್ತಿತ್ತು. ಅವಳು ರಸೀದಿಗೆ ಸಹಿ ಹಾಕಿ, ಆ ಬಾಕಿಯ ವಸೂಲಿಗೆ ಇನ್ನೊಬ್ಬನ ಹೆಸರಿಗೆ ಅಧಿಕಾರಪತ್ರ ಬರೆಸುತ್ತಿದ್ದಳು.

ನಮಸ್ಕಾರ.