ಹತ್ತುವ ಗೇರಿನಲ್ಲೇ ಇಳಿಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಗೆಳೆಯರು ಸೇರಿ ಕಾರಿನಲ್ಲಿ ಕೊಂಕಣದ ಕಡಲು ನೋಡಲು ಹೊರಡುತ್ತಾರಲ್ಲ, ಅವರಿಗೆ ನಾಲ್ಕು ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಬೆಳಗಾವಿಯಲ್ಲಿ ಕಾರು ಕಲಿಸುವವನು. ಅದಕ್ಕೂ ಮೊದಲು ಘಾಟಿನಲ್ಲಿ ಬಸ್ಸು ಓಡಿಸಿದವನು. ಬೀಚು, ಮೀನೂಟ, ಫೋಟೋ, ಇವೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನನ್ನ ಹತ್ತಿರ ಇರುವುದು ಒಂದೇ ಮಾತು. ಘಾಟನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬರೆದುಕೊಳ್ಳುವವರು ಬರೆದುಕೊಳ್ಳಿ, ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ನಮ್ಮ ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ವೆಂಗುರ್ಲಾದಲ್ಲಿ ಅಲೆ ಬಂದು ನಿಮ್ಮ ಪಾದಕ್ಕೆ ತಾಗುವಾಗ ಎತ್ತರ ಸೊನ್ನೆ. ಇದು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಕಡಿಮೆಯಾಗಿದ್ದರೆ ಚಿಂತೆ ಇರಲಿಲ್ಲ. ಆದರೆ ಶಿನ್ನೋಳಿ ದಾಟಿ, ಚಂದಗಡ ತಾಲೂಕು ದಾಟಿ ಅಂಬೋಲಿಗೆ ಬಂದರೂ ನೀವು ಇನ್ನೂ 690 ಮೀಟರ್ ಮೇಲೇ ಇರುತ್ತೀರಿ. ಅಲ್ಲಿಂದ ಮುಂದೆ ಸಹ್ಯಾದ್ರಿ ಒಮ್ಮೆಗೇ ಕಡಿದು ಬೀಳುತ್ತದೆ. ಹಿರಣ್ಯಕೇಶಿ ನದಿ ಹುಟ್ಟುವುದು ಇದೇ ಅಂಬೋಲಿಯಲ್ಲಿ. ಪಶ್ಚಿಮದ ಕಡಲು ಕಣ್ಣೆದುರಿಗೇ ಇದ್ದರೂ ಅದು ಆ ಕಡೆ ಇಳಿಯುವುದಿಲ್ಲ. ತಿರುಗಿ ನಮ್ಮ ಸಂಕೇಶ್ವರದ ಕಡೆ ಬಂದು, ಘಟಪ್ರಭೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನದಿಗೇ ಬೇಡವಾದ ಇಳಿಜಾರು ಅದು. ನೀವು ಅಲ್ಲಿ ನಾಲ್ಕನೇ ಗೇರು ಹಾಕಿ, ಹಾಡು ಜೋರು ಮಾಡಿ, ಸುಮ್ನೆ ಬ್ರೇಕಿನ ಮೇಲೆ ಕಾಲಿಟ್ಟು ಕೂರುತ್ತೀರಿ.

ಬ್ರೇಕ್ ಅಂದರೆ ಉಜ್ಜಾಟ. ಉಜ್ಜಿದರೆ ಬಿಸಿ. ಐದು ಜನ, ಅವರ ಚೀಲ ಎಲ್ಲ ಸೇರಿ 1,500 ಕಿಲೋ ತೂಗುವ ಕಾರು 600 ಮೀಟರ್ ಇಳಿದರೆ ಎಷ್ಟು ಬಿಸಿ ಹುಟ್ಟುತ್ತದೆ ಗೊತ್ತೇ? 25 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅಷ್ಟನ್ನೂ ನಾಲ್ಕು ಚಕ್ರದ ಬ್ರೇಕಿನ ಮೇಲೆ ಹಾಕಿದರೆ ಅವು ಏನು ಮಾಡಬೇಕು? ಎಂಜಿನ್ ಇದೆಯಲ್ಲ, ಅದಕ್ಕೂ ಕೆಲಸ ಕೊಡಿ. ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನೇ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಗುರ್ ಅಂತ ಸದ್ದು ಮಾಡುತ್ತದೆ, ಮಾಡಲಿ ಬಿಡಿ.

ಇಲ್ಲಿ ನನ್ನ ಗೆಳೆಯನೊಬ್ಬನ ಕಥೆ ಹೇಳಲೇಬೇಕು. ಹೆಸರು ಬೇಡ. ಮಾರ್ಕೆಟ್ಟಿನಲ್ಲಿ ಅಂಗಡಿ, ಹೊಸ ಕಾರು, ಮತ್ತು ಎಲ್ಲದರಲ್ಲೂ ಲೆಕ್ಕ. ಶಾಲೆಯ ಹಳೇ ದೋಸ್ತರೆಲ್ಲ ಸೇರಿ ಮಾಲವಣಕ್ಕೆ ಹೊರಟಿದ್ದೆವು. ಅಂಬೋಲಿಯಲ್ಲಿ ದಟ್ಟ ಮಂಜು. ಚಹಾ ಕುಡಿದು ಇಳಿಯತೊಡಗಿದೆವು. ಎರಡು ತಿರುವು ಆಗಿರಬೇಕು, ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಸಣ್ಣಗಾಯಿತು. ನೋಡಿದರೆ ಮಹಾಶಯ ನ್ಯೂಟ್ರಲ್ ಮಾಡಿದ್ದಾನೆ. "ಯಾಕೋ?" ಅಂದೆ. "ಇಳಿಜಾರ ಐತಿ, ಸುಮ್ನ ಯಾಕ ಎಣ್ಣಿ ಸುಡೂದು? ಪೆಟ್ರೋಲ್ ಉಳೀತೈತಿ ಬಿಡೋ" ಅಂದ. "ಗೇರ್ ಹಾಕಲೇ" ಅಂದೆ. "ನಿಂದು ಬಸ್ಸಿನ ಬುದ್ಧಿ, ಇದು ಹೊಸಾ ಗಾಡಿ" ಅಂದ.

ಕಥೆ ಒಂದು ನಿಮಿಷ ನಿಲ್ಲಲಿ. ಈ ಪೆಟ್ರೋಲ್ ಉಳಿಸುವ ಮಾತು ಪೂರ್ತಿ ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈಗಿನ ಕಾರುಗಳು ಎಂಜಿನ್ನಿಗೆ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರಬಾರದಲ್ಲ, ಅದಕ್ಕಾಗಿ ಪೆಟ್ರೋಲ್ ಕುಡಿಯಲೇಬೇಕು. ಅಂದರೆ ಉಳಿಸಲು ಹೋದವನು ಸುಟ್ಟ. ಇನ್ನು ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಅವರಿಗೆ ಕೈಮುಗಿಯುತ್ತೇನೆ. ಆಗ ಸ್ಟೀರಿಂಗ್ ಕಲ್ಲಾಗುತ್ತದೆ, ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕೂ ಗಟ್ಟಿಯಾಗುತ್ತದೆ.

ಸರಿ, ಘಾಟಿಗೆ ಬರೋಣ. ಹಿಂದಿನ ಸೀಟಿನಲ್ಲಿ ಕುಂದಾದ ಡಬ್ಬಿ ಹಿಡಿದು ಕೂತವನು ಕೇಳಿದ, "ಯಾರೋ ಟಾಯರ್ ಸುಡಾಕತ್ತಾರೇನ್ರೋ?" ಆ ಕಾಡಿನಲ್ಲಿ ಟಾಯರ್ ಯಾರು ಸುಡುತ್ತಾರೆ? ವಾಸನೆ ನಮ್ಮದೇ. ಮುಂದಿನ ತಿರುವಿನಲ್ಲಿ ಡ್ರೈವರ್ ಸಾಹೇಬರ ಮುಖ ಬೆಳ್ಳಗಾಯಿತು. "ಪೆಡಲ್ ಒಳಗ ಹೊಂಟೈತಿ" ಅಂದ. ಬ್ರೇಕ್ ಆಯಿಲ್ ಕುದ್ದರೆ ಹೀಗೇ ಆಗುತ್ತದೆ. ಅದರಲ್ಲಿ ಗುಳ್ಳೆ ಎದ್ದರೆ ನೀವು ಒತ್ತುವುದು ಗುಳ್ಳೆಯನ್ನೇ, ಬ್ರೇಕನ್ನಲ್ಲ. "ಮೂರನೇದು ಹಾಕು, ಆಮ್ಯಾಲೆ ಎರಡನೇದು" ಅಂತ ಕೂಗಿದೆ. ಹಾಕಿದ. ಗಾಡಿ ಒಮ್ಮೆ ಮುಗ್ಗರಿಸಿ ಹಿಡಿತಕ್ಕೆ ಬಂತು. ನಾನು ಹ್ಯಾಂಡ್‌ಬ್ರೇಕನ್ನು ನಿಧಾನಕ್ಕೆ ಎತ್ತಿದೆ, ಒಮ್ಮೆಗೇ ಎಳೆಯಲಿಲ್ಲ. ಗುಡ್ಡದ ಕಡೆ ಸ್ವಲ್ಪ ಅಗಲ ಇದ್ದ ಜಾಗದಲ್ಲಿ ನಿಂತೆವು. ಯಾರೂ ಮಾತಾಡಲಿಲ್ಲ. ಕುಂದಾದ ಡಬ್ಬಿ ಸೀಟಿನ ಕೆಳಗಿತ್ತು.

ಒಬ್ಬ ನೀರಿನ ಬಾಟಲಿ ತೆಗೆದು ಚಕ್ರಕ್ಕೆ ಸುರಿಯಲು ಹೋದ. ಅಷ್ಟರಲ್ಲಿ ಹಿಂದಿನಿಂದ ಮಹಾರಾಷ್ಟ್ರದ ಎಸ್‌ಟಿ ಬಸ್ಸು ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ "ಪಾಣಿ ನಕೋ, ಪಾಣಿ ನಕೋ!" ಅಂದ. ಸರಿಯಾಗಿಯೇ ಹೇಳಿದ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಸುಮ್ನೆ ನಿಲ್ಲಿಸಿ ಆರಲು ಬಿಡಬೇಕು, ಅಷ್ಟೇ. ನಮ್ಮ ಲೆಕ್ಕದ ಗೆಳೆಯ ಅವನನ್ನೇ ಕೇಳಿದ, ಇಷ್ಟು ದೊಡ್ಡ ಬಸ್ಸು ದಿನಾ ಹೇಗೆ ಇಳಿಸುತ್ತೀರಿ ಅಂತ. ಆತ ಎರಡು ಬೆರಳು ತೋರಿಸಿ ಹೊರಟುಹೋದ. ಎರಡನೇ ಗೇರು! ನಾನು ಹೇಳಿದಾಗ ಬಸ್ಸಿನ ಬುದ್ಧಿ. ಅವನು ಬೆರಳು ತೋರಿಸಿದರೆ ವೇದವಾಕ್ಯ. ಆರಿದ ಮೇಲೆ ಪೆಡಲ್ ಗಟ್ಟಿಯಾಯಿತು. ಎರಡನೇ ಗೇರಿನಲ್ಲೇ ಇಳಿದು, ಸಾವಂತವಾಡಿಯಲ್ಲಿ ಆಯಿಲ್ ಬದಲಿಸಿಕೊಂಡು ಮುಂದೆ ಹೋದೆವು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಸಮಯ ಓಡುತ್ತಿದೆ. ವೆಂಗುರ್ಲಾ ಬಗ್ಗೆ ಎರಡು ಮಾತು. 17ನೇ ಶತಮಾನದಲ್ಲೇ ಡಚ್ಚರು ಅಲ್ಲಿ ವಖಾರಿ ಇಟ್ಟಿದ್ದರು. ಬ್ರಿಟಿಷರ ಕಾಲದಲ್ಲಿ ನಮ್ಮ ಬೆಳಗಾವಿ ಕ್ಯಾಂಪಿನ ಸೈನ್ಯಕ್ಕೆ ಸಾಮಾನು ಬರುತ್ತಿದ್ದದ್ದು ಆ ಬಂದರಿನಿಂದ, ಇದೇ ಅಂಬೋಲಿ ದಾರಿಯಲ್ಲಿ. ಅಲ್ಲಿಂದ ಉತ್ತರಕ್ಕೆ ಮಾಲವಣ. ಎದುರಿಗೆ ನೀರಿನ ನಡುವೆ ಸಿಂಧುದುರ್ಗ, 1664ರಲ್ಲಿ ಶಿವಾಜಿ ಕಟ್ಟಿಸಲು ಶುರು ಮಾಡಿದ ಕೋಟೆ. ದೋಣಿಯಲ್ಲಿ ಹೋಗಬೇಕು, ಹೋಗಿ.

ಕರಾವಳಿ ಅಂದರೆ ಸಪಾಟು ಅಂದುಕೊಂಡಿದ್ದೀರಲ್ಲ, ಅದು ಬೇಡ. ಅಲ್ಲಿ ಕೆಂಪು ಜಂಬಿಟ್ಟಿಗೆಯ ಬಯಲುಗಳು ಕಡಲಿಗೇ ಚಾಚಿಕೊಂಡಿವೆ, ಅಲ್ಲಿಯವರು ಸಡಾ ಅನ್ನುತ್ತಾರೆ. ನಡುನಡುವೆ ಖಾಡಿಗಳು, ಅಂದರೆ ಕಡಲಿನ ನೀರು ಒಳನುಗ್ಗುವ ಹೊಳೆಬಾಯಿಗಳು. ರಸ್ತೆ ಸಡಾ ಹತ್ತುತ್ತದೆ, ಖಾಡಿಗೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ದಿನವಿಡೀ ಇದೇ. ಅಲ್ಲೂ ಅದೇ ನಿಯಮ, ಹತ್ತಿದ ಗೇರಿನಲ್ಲೇ ಇಳಿಯಿರಿ. ಚೋರ್ಲಾ ಘಾಟಿನಿಂದ ಗೋವಾಕ್ಕೆ ಹೋಗುವವರಿಗೂ, ಅರಬೈಲ್ ಇಳಿದು ಅಂಕೋಲಾ, ಗೋಕರ್ಣಕ್ಕೆ ಹೋಗುವವರಿಗೂ ಇದೇ ಮಾತು. ಆಟೋಮ್ಯಾಟಿಕ್ ಕಾರಿನವರು ನಮಗಲ್ಲ ಅಂದುಕೊಳ್ಳಬೇಡಿ. ಲಿವರ್ ಹತ್ತಿರ ಎಲ್ ಅಂತಲೋ, ಎಂ ಅಂತಲೋ ಇರುತ್ತದೆ. ಅದು ಇರುವುದೇ ಇದಕ್ಕೆ.

ಉಳಿದದ್ದು ಬೇಗ ಬೇಗ. ಹತ್ತಿ ಬರುವ ಗಾಡಿಗೆ ದಾರಿ ಬಿಡಿ, ಕಾನೂನೂ ಅದನ್ನೇ ಹೇಳುತ್ತದೆ. ಕಾರನ್ನು ಮರಳಿಗೆ ಇಳಿಸಬೇಡಿ. ಇಳಿತದಲ್ಲಿ ಗಟ್ಟಿ ಕಂಡ ಮರಳು ಭರತದಲ್ಲಿ ನೀರಿನೊಳಗೆ ಇರುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ಹೊತ್ತು ನಂಬಬೇಡಿ, ಮೀನುಗಾರರನ್ನು ಕೇಳಿ. ನೀರು ನಿಮ್ಮನ್ನು ಒಳಕ್ಕೆ ಎಳೆದರೆ ದಡದ ಕಡೆ ಜಗ್ಗಾಡಬೇಡಿ, ದಡದ ಉದ್ದಕ್ಕೆ ಅಡ್ಡ ಈಜಿ. ಈಜು ಬಾರದವರು ಮೊಣಕಾಲು ದಾಟಬೇಡಿ.

ರಾತ್ರಿ ಘಾಟ್ ಇಳಿಯುವ ಬಗ್ಗೆಯೂ ಹೇಳಬೇಕಿತ್ತು. ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಮುಗಿಸಿ ಅಂತ. ರಾತ್ರಿ ಇಳಿಯಲೇಬೇಡಿ. ಬೆಳಿಗ್ಗೆ ಬೇಗ ಎದ್ದು ಹೊರಡಿ. ಎರಡನೇ ಗೇರು. ನಮಸ್ಕಾರ.