ನಿನ್ನೆ ಬಂದ ಮಾಸ್ತರು: ಸುಜೌನಲ್ಲಿ ಪುಟ್ಟಿಯ ಇಂಗ್ಲಿಷ್ ಓದು

ನಮಸ್ಕಾರ. ಇದು ಸುಜೌ. ಶಾಂಘೈನಿಂದ ಬುಲೆಟ್ ರೈಲಿನಲ್ಲಿ ಅರ್ಧ ಗಂಟೆ. ಕಿಟಕಿಯಾಚೆ ಕಾಣುತ್ತಿರುವುದು ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಾಲುವೆ. ಭಾನುವಾರ ಮಧ್ಯಾಹ್ನ ಎರಡೂವರೆ. ಈಗ ಬಾಗಿಲು ತಟ್ಟುವ ಸದ್ದು ಬರುತ್ತದೆ, ಕೇಳಿ.

ಕೇಳಿಸಿತಾ? ಬಂದಳು.

ಇವಳು ಎದುರು ಮನೆಯ ಹುಡುಗಿ. ಹೈಸ್ಕೂಲಿನ ಕೊನೆಯ ವರ್ಷ, ನಮ್ಮ ಎರಡನೇ ಪಿಯುಸಿಯ ಹಾಗೆ. ಇಲ್ಲಿ ಅದನ್ನು ಗಾವ್ ಸಾನ್ ಅನ್ನುತ್ತಾರೆ. ಅವಳ ಮುಖ ತೋರಿಸುವುದಿಲ್ಲ, ಹೆಸರೂ ಹೇಳುವುದಿಲ್ಲ. ಈ ವಿಡಿಯೋದಲ್ಲಿ ಅವಳ ಕೈ, ಅವಳ ಪೆನ್ಸಿಲ್ ಮಾತ್ರ. ನಾನು ಪುಟ್ಟಿ ಅಂತ ಕರೆಯುತ್ತೇನೆ. ಅವಳು ನನ್ನನ್ನು "ಆಯಿ" ಅನ್ನುತ್ತಾಳೆ. ಚೀನೀ ಭಾಷೆಯಲ್ಲಿ ಹಾಗಂದರೆ ಚಿಕ್ಕಮ್ಮ, ಆಂಟಿ, ಎರಡಕ್ಕೂ ಸೇರಿ ಒಂದೇ ಮಾತು. ನಮ್ಮ ಧಾರವಾಡದ ಕಡೆ ಆಯಿ ಅಂದರೆ ಅಜ್ಜಿ. ಮೊದಲ ದಿನ ಅವಳು ಬಾಗಿಲಲ್ಲಿ ನಿಂತು ಹಾಗೆ ಕರೆದಾಗ ನಮ್ಮ ಆಯಿ ನೆನಪಾಗಿ ಕಣ್ಣು ತುಂಬಿತು. ಆಯಿಯ ಮಾತು ಮುಂದೆಯೂ ಬರುತ್ತದೆ. ಈ ಕಥೆಯಲ್ಲಿ ಅವಳಿಗೆ ದೊಡ್ಡ ಜಾಗವಿದೆ.

ಶುರುವಾದದ್ದು ಹೀಗೆ. ಕಳೆದ ಶರತ್ಕಾಲದಲ್ಲಿ, ಊರಿಡೀ ಗುಯ್‌ಹ್ವಾ ಹೂವಿನ ವಾಸನೆ ತುಂಬಿದ್ದಾಗ, ಪುಟ್ಟಿಯ ಅಜ್ಜಿ ಒಂದು ತಟ್ಟೆ ಹಿಡಿದು ಬಂದರು. ಆ ಹೂವು ಹಾಕಿ ಮಾಡಿದ ಅಕ್ಕಿಹಿಟ್ಟಿನ ತಿನಿಸು. ಮೊಮ್ಮಗಳಿಗೆ ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರ ಬರೆಯುವುದು ಕಷ್ಟವಾಗುತ್ತಿದೆ, ಸ್ವಲ್ಪ ಜೊತೆಗೆ ಕೂತು ಓದುತ್ತೀರಾ ಅಂತ ಕೇಳಿದರು. ದುಡ್ಡಿನ ಮಾತಿಲ್ಲ. ನಾನು ಅವಳ ಜೊತೆ ಇಂಗ್ಲಿಷ್ ಓದುತ್ತೇನೆ, ಅವಳು ನನ್ನ ಚೀನೀ ತಿದ್ದುತ್ತಾಳೆ. ಆಗಿನಿಂದ ಪ್ರತಿ ಭಾನುವಾರ ಎರಡು ಗಂಟೆ ಹೊತ್ತು. ಅವಳಿಗೆ ವಾರದಲ್ಲಿ ಸಿಗುವ ಬಿಡುವೇ ಅದು. ಸಂಜೆ ಮತ್ತೆ ಶಾಲೆಗೆ ಹೋಗಬೇಕು, ರಾತ್ರಿಯ ಓದಿಗೆ.

ಮೇಜಿನ ಮೇಲಿರುವ ಕಾಗದಗಳನ್ನು ಹತ್ತಿರದಿಂದ ತೋರಿಸುತ್ತೇನೆ. ಇವೆಲ್ಲ ಹಳೆಯ ಗಾವ್‌ಕಾವ್ ಪ್ರಶ್ನೆಪತ್ರಿಕೆಗಳು. ಗಾವ್‌ಕಾವ್ ಅಂದರೆ ಚೀನಾದ ಕಾಲೇಜು ಪ್ರವೇಶ ಪರೀಕ್ಷೆ. ನಡುವೆ ಹತ್ತು ವರ್ಷ ನಿಂತುಹೋಗಿ 1977ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ 1.34 ಕೋಟಿ ಮಕ್ಕಳು ಹೆಸರು ನೋಂದಾಯಿಸಿದ್ದರು. ಇಲ್ಲಿ, ಜ್ಯಾಂಗ್ಸು ಪ್ರಾಂತ್ಯದಲ್ಲಿ, ಒಟ್ಟು 750 ಅಂಕ. ಅದರಲ್ಲಿ ಇಂಗ್ಲಿಷ್ 150. ಚೀನೀ ಭಾಷೆಗೂ ಗಣಿತಕ್ಕೂ ಅಷ್ಟೇ. ಜೂನ್ 8ರ ಮಧ್ಯಾಹ್ನ 3ರಿಂದ 5, ಎರಡು ಗಂಟೆ ಇಂಗ್ಲಿಷ್.

ಆ 150ರಲ್ಲಿ 50 ಅಂಕ ಓದಿ ಅರ್ಥ ಮಾಡಿಕೊಳ್ಳುವುದಕ್ಕೇ. ಎ, ಬಿ, ಸಿ, ಡಿ ಅಂತ ನಾಲ್ಕು ಪ್ಯಾಸೇಜು, 15 ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಅಂಕ. ಐದನೆಯದು ಬೇರೆ ಥರ. ಅದರಲ್ಲಿ ಐದು ಖಾಲಿ ಜಾಗ, ಕೆಳಗೆ ಏಳು ವಾಕ್ಯ. ಎರಡು ವಾಕ್ಯ ಉಳಿಯುತ್ತವೆ. ಮಕ್ಕಳು ಅದನ್ನು "ಏಳರಲ್ಲಿ ಐದು" ಅಂತಲೇ ಕರೆಯುತ್ತಾರೆ. ಕೇಳುವ ಭಾಗ, ವ್ಯಾಕರಣ, ಬರೆಯುವ ಭಾಗ ಎಲ್ಲಾ ಕಳೆದರೆ ಒಂದು ಪ್ಯಾಸೇಜಿಗೆ ಏಳೆಂಟು ನಿಮಿಷ ಸಿಗುತ್ತದೆ ಅಂತ ನಾವು ಲೆಕ್ಕ ಹಾಕಿದೆವು. ಮೊದಲ ವಾರ ಪುಟ್ಟಿಗೆ ಒಂದೊಂದಕ್ಕೆ ಹದಿನಾಲ್ಕು ನಿಮಿಷ ಹಿಡಿಯಿತು.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮೂರು ವಾರ ಗಟ್ಟಿಯಾಗಿ ಓದಿಸಿದೆ. ಓದುವಾಗ ನಡುನಡುವೆ ಉಚ್ಚಾರ ತಿದ್ದಿದೆ. ನಾನು ತಿದ್ದಿದಷ್ಟೂ ಅವಳ ದನಿ ಸಣ್ಣದಾಯಿತು. ಮೂರನೇ ವಾರ ತುಟಿ ಮಾತ್ರ ಆಡುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಪಿಯುಸಿಗೆ ಬಂದು ಇಂಗ್ಲಿಷ್ ಪುಸ್ತಕ ತೆರೆದಾಗ ನನ್ನ ದನಿಯೂ ಹೀಗೇ ಸಣ್ಣದಾಗಿತ್ತು. ಅದು ಗೊತ್ತಿದ್ದೂ ಆ ಮಗುವಿಗೆ ಅದನ್ನೇ ಮಾಡಿದೆನಲ್ಲ ಅಂತ ಸಂಕಟವಾಯಿತು.

ನಾಲ್ಕನೇ ವಾರ ನಾನು ಸುಮ್ನೆ ಕೂತೆ. ನೀನೇ ಓದು, ಮನಸ್ಸಿನಲ್ಲೇ ಓದು ಅಂದೆ. ಅವಳ ಪೆನ್ಸಿಲನ್ನೇ ನೋಡುತ್ತಿದ್ದೆ.

ಇಲ್ಲಿ ನೋಡಿ, ಆ ದಿನದ ಹಾಳೆಯನ್ನು ಇಟ್ಟುಕೊಂಡಿದ್ದೇನೆ. ಬಾಣದ ಗುರುತುಗಳು ಕಾಣುತ್ತಿವೆಯಾ? ಎಲ್ಲಾ ಬಾಣ ಹಿಂದಕ್ಕೆ. ವಾಕ್ಯದ ಕೊನೆಗೆ ಹೋಗುತ್ತಾಳೆ, ಅಲ್ಲಿಂದ ತಿರುಗಿ ನಡುವಿಗೆ ಬರುತ್ತಾಳೆ, ಮತ್ತೆ ಮುಂದಕ್ಕೆ. ಒಂದೊಂದು ವಾಕ್ಯವನ್ನೂ ಬಿಚ್ಚಿ, ತಿರುಗಿಸಿ, ಚೀನೀ ಭಾಷೆಯ ಹಾಗೆ ಜೋಡಿಸಿಕೊಂಡು ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದಳು. ಪದಗಳೆಲ್ಲ ಅವಳಿಗೆ ಗೊತ್ತು. ಮೂರು ಸಾವಿರ ಪದ ಬಾಯಿಪಾಠ ಮಾಡಿದ್ದಾಳೆ. ಹೊತ್ತು ಹೋಗುತ್ತಿದ್ದದ್ದು ಈ ತಿರುಗಿಸುವ ಕೆಲಸಕ್ಕೆ.

ಆ ಬಾಣಗಳು ನನ್ನವೂ ಹೌದು. ಪಿಯುಸಿಯಲ್ಲಿ ನಾನೂ ಹಾಗೇ ಓದುತ್ತಿದ್ದೆ.

ಈಗ ಮೂರು ಚೀಟಿ ಇಡುತ್ತೇನೆ. ಮೊದಲನೆಯದು ಕನ್ನಡ: "ನಿನ್ನೆ ಬಂದ ಮಾಸ್ತರು". ಎರಡನೆಯದು ಚೀನೀ: "ಜ್ವೊತ್ಯೆನ್ ಲಾಯ್ ದ ಲಾವ್‌ಶಿ". ಜ್ವೊತ್ಯೆನ್ ಅಂದರೆ ನಿನ್ನೆ. ಲಾಯ್ ದ ಅಂದರೆ ಬಂದ. ಲಾವ್‌ಶಿ ಅಂದರೆ ಮಾಸ್ತರು. ಒಂದರ ಕೆಳಗೆ ಒಂದು ಇಟ್ಟರೆ ಪದಕ್ಕೆ ಪದ ಕೂಡುತ್ತದೆ! ಮೂರನೆಯದು ಇಂಗ್ಲಿಷ್: "ದ ಟೀಚರ್ ಹೂ ಕೇಮ್ ಯೆಸ್ಟರ್ಡೇ". ಪೂರ್ತಿ ಉಲ್ಟಾ. ಮಾಸ್ತರು ಮೊದಲೇ ಬಂದುಬಿಟ್ಟರು, ಅವರು ಯಾರು ಅನ್ನುವುದು ಆಮೇಲೆ ಬರುತ್ತದೆ.

ಎಲ್ಲದರಲ್ಲೂ ಹೀಗಲ್ಲ. ಕ್ರಿಯಾಪದದ ಜಾಗದಲ್ಲಿ ಚೀನೀ ಭಾಷೆ ಇಂಗ್ಲಿಷಿನ ಹಾಗೇ ಇದೆ. "ನಾನು ಕುಡಿಯುತ್ತೇನೆ ಚಹಾ" ಅನ್ನುವ ಸಾಲು ಅವರದ್ದು. ನಮ್ಮದು ಕೊನೆಗೆ. ಆದರೆ ಒಂದು ಹೆಸರನ್ನು ವಿವರಿಸುವಾಗ ಕನ್ನಡವೂ ಚೀನೀ ಭಾಷೆಯೂ ಒಂದೇ ದಾರಿ ಹಿಡಿಯುತ್ತವೆ. ವಿವರ ಮೊದಲು, ಹೆಸರು ಆಮೇಲೆ. ಪುಟ್ಟಿಗೆ ಇದನ್ನು ತೋರಿಸಿದಾಗ ಅವಳು ಕನ್ನಡದ ಚೀಟಿಯನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ "ಆಯಿ, ನಿಮಗೂ ತಿರುಗಿಸಬೇಕಾ?" ಅಂದಳು. ಹೌದು ಮಗಳೇ, ನಮಗೂ ತಿರುಗಿಸಬೇಕು ಅಂದೆ. ಅವತ್ತು ಅವಳು ಮೊದಲ ಸಲ ನನ್ನ ಮುಂದೆ ಕಾಲು ಮಡಚಿ ಆರಾಮಾಗಿ ಕೂತಳು.

ತಿರುಗಿಸದೇ ಓದುವುದು ಹೇಗೆ? ಇಲ್ಲಿ ನಮ್ಮ ಆಯಿ ಬರುತ್ತಾಳೆ.

ಸಂಜೆ ಕಟ್ಟೆಯ ಮೇಲೆ ಕೂತು ಆಯಿ ಸುದ್ದಿ ಹೇಳುತ್ತಿದ್ದ ರೀತಿ ನೆನಪಿಸಿಕೊಂಡೆ. "ಆ ಮಾಸ್ತರು ಅದಾರಲ್ಲ, ನಿನ್ನೆ ಬಂದಿದ್ರಲ್ಲ, ಮೂಲಿಮನಿಗೆ, ಅವರು ಊರ ಬಿಟ್ಟು ಹೋದರಂತ." ಈ ಸಾಲನ್ನು ಇನ್ನೊಮ್ಮೆ ಕೇಳಿ. ಮಾಸ್ತರು ಮೊದಲು. ಯಾವ ಮಾಸ್ತರು? ನಿನ್ನೆ ಬಂದವರು. ಎಲ್ಲಿಗೆ? ಮೂಲೆಮನೆಗೆ. ಏನಾಯಿತು? ಊರು ಬಿಟ್ಟು ಹೋದರು. ಬರೆಯುವ ಕನ್ನಡ ವಿವರವನ್ನು ಮುಂದಿಡುತ್ತದೆ. ಕಟ್ಟೆಯ ಮೇಲಿನ ಕನ್ನಡ ಮಾಸ್ತರನ್ನು ಮೊದಲು ಕೂರಿಸಿ, ಆಮೇಲೆ ಒಂದೊಂದಾಗಿ ವಿವರ ಸೇರಿಸುತ್ತದೆ. ಇಂಗ್ಲಿಷಿನ ಉದ್ದ ವಾಕ್ಯ ನಡೆಯುವುದೂ ಹೀಗೇ ಅಲ್ವಾ?

ಪುಟ್ಟಿಯ ಅಜ್ಜಿಯೂ ಫೋನಿನಲ್ಲಿ ಹೀಗೇ ಮಾತಾಡುತ್ತಾರಂತೆ, ಸುಜೌ ಭಾಷೆಯಲ್ಲಿ. ಅಜ್ಜಿಯ ಥರ ಓದು ಅಂದೆ. ಅದೇ ನಮ್ಮ ಪದ್ಧತಿಯಾಯಿತು.

ಒಂದು ವಾಕ್ಯ ತೋರಿಸುತ್ತೇನೆ. "ದ ಲೆಟರ್ ಹರ್ ಫಾದರ್ ಹ್ಯಾಡ್ ರಿಟನ್ ಫ್ರಮ್ ದ ಹಾಸ್ಪಿಟಲ್ ನೆವರ್ ರೀಚ್ಡ್ ಹೋಮ್." ಪುಟ್ಟಿ ಮೊದಲು ಓದಿದಾಗ ಆಸ್ಪತ್ರೆ ಮನೆಗೆ ಬರಲಿಲ್ಲ ಅಂತ ಅರ್ಥವಾಯಿತು. ಯಾಕೆಂದರೆ ನೆವರ್ ರೀಚ್ಡ್ ಪಕ್ಕದಲ್ಲಿ ಆಸ್ಪತ್ರೆ ಕೂತಿದೆ. ಪತ್ರ ಎಲ್ಲೋ ಹಿಂದೆ ಉಳಿದುಹೋಯಿತು. ಈಗ ಅಜ್ಜಿಯ ಥರ ಓದೋಣ. ಆ ಪತ್ರ ಇತ್ತಲ್ಲ. ಯಾವುದು? ಅವಳಪ್ಪ ಬರೆದಿದ್ದನಲ್ಲ. ಎಲ್ಲಿಂದ? ಆಸ್ಪತ್ರೆಯಿಂದ. ಸರಿ, ಅದಕ್ಕೇನಾಯಿತು? ಮನೆ ಮುಟ್ಟಲೇ ಇಲ್ಲ. ಪೆನ್ಸಿಲ್ ಎಲ್ಲೂ ಹಿಂದೆ ಹೋಗಲಿಲ್ಲ. ಪ್ರತಿ ತುಂಡಿನ ಕೊನೆಗೆ ಒಂದು ಸಣ್ಣ ಗೆರೆ, ಮನಸ್ಸಿನಲ್ಲಿ ಒಂದು ಸಣ್ಣ ಪ್ರಶ್ನೆ, ಅಷ್ಟೇ.

"ಬಿಕಾಸ್" ಬಂದಾಗಲೂ ಇದೇ ಪಾಡು. ಮಳೆ ಬಂದದ್ದರಿಂದ ಆಟ ನಿಂತಿತು ಅನ್ನುತ್ತೇವೆ ನಾವು. ಚೀನೀ ಭಾಷೆಯಲ್ಲೂ ಸಾಮಾನ್ಯವಾಗಿ ಕಾರಣ ಮೊದಲು. ಇಂಗ್ಲಿಷ್ ಹೆಚ್ಚಾಗಿ ಆಟ ನಿಲ್ಲಿಸಿಬಿಟ್ಟು ಆಮೇಲೆ ಮಳೆ ತರುತ್ತದೆ. ಇನ್ನು ಆ ಪತ್ರದ ವಾಕ್ಯದ "ಹ್ಯಾಡ್". ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕ ಹಾಗೆ ರೂಪ ಬದಲಿಸುವುದಿಲ್ಲ. ಹಾಗಾಗಿ ಹ್ಯಾಡ್ ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ. ಈಗ ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾಳೆ.

ಪದಗಳ ಬಗ್ಗೆಯೂ ಹೇಳಬೇಕು. ಗೊತ್ತಿಲ್ಲದ ಪದಕ್ಕಿಂತ ಗೊತ್ತಿರುವ ಪದವೇ ಜಾಸ್ತಿ ಕಾಡುತ್ತದೆ. ಇಲ್ಲಿನ ಶಿಕ್ಷಕರು ಇದಕ್ಕೆ "ಪರಿಚಯದ ಪದ, ಪರಿಚಯವಿಲ್ಲದ ಅರ್ಥ" ಅನ್ನುತ್ತಾರೆ. "ಅಡ್ರೆಸ್ ದ ಪ್ರಾಬ್ಲೆಮ್" ಅಂತ ಒಂದು ಕಡೆ ಬಂತು. ಪುಟ್ಟಿ ಅದನ್ನು ವಿಳಾಸದ ಸಮಸ್ಯೆ ಅಂತ ಓದಿಕೊಂಡಳು. ಅಲ್ಲಿಂದ ಪ್ಯಾಸೇಜು ಪೂರ್ತಿ ಅಂಚೆ ಕಚೇರಿಯ ಕಡೆ ತಿರುಗಿತು. ಮೂರು ಉತ್ತರ ತಪ್ಪಾದವು. ಅಳು ಬಂದಿತ್ತು ಅವಳಿಗೆ.

ಆಗ ನಾನು ಅವಳದೇ ಭಾಷೆಯ "ದಾ" ಹಿಡಿದುಕೊಂಡೆ. ದಾ ಅಂದರೆ ಹೊಡೆ. ಆದರೆ ಚೀನೀಯರು ಫೋನ್ ಮಾಡುವುದಕ್ಕೂ ದಾ, ಟ್ಯಾಕ್ಸಿ ಹಿಡಿಯುವುದಕ್ಕೂ ದಾ, ಸ್ವೆಟರ್ ಹೆಣೆಯುವುದಕ್ಕೂ ದಾ ಅನ್ನುತ್ತಾರೆ. ನಾವೇನು ಕಡಿಮೆಯೇ? ಫೋನ್ ಹೊಡಿ, ಗಾಡಿ ಹೊಡಿ, ನಿದ್ದೆ ಹೊಡಿ. ಇವನ್ನೆಲ್ಲ ಅವಳಿಗೆ ಕನ್ನಡದಲ್ಲಿ ಹೇಳಿಕೊಟ್ಟೆ. ಅಜ್ಜಿ ಸ್ವೆಟರ್ ಹೊಡೆಯುತ್ತಾರೆ ಅಂದಾಗ ನೀನು ಪೊಲೀಸರನ್ನು ಕರೆಯುತ್ತೀಯಾ ಅಂತ ಕೇಳಿದೆ. ಅಳುತ್ತಿದ್ದವಳು ನಕ್ಕಳು. ಪಕ್ಕದಲ್ಲಿ ಸ್ವೆಟರ್ ಅನ್ನುವ ಪದ ಇರುವುದರಿಂದ ನಿನಗೆ ಅರ್ಥ ಬದಲಾಯಿತು, ಇಂಗ್ಲಿಷಿನಲ್ಲೂ ಪಕ್ಕದ ಪದ ನೋಡು ಅಂದೆ. ಈಗ ಅವಳಿಗೆ "ಫೈನ್" ಅಂದರೆ ದಂಡವೂ ಆಗಬಹುದು, "ಕಂಪನಿ" ಅಂದರೆ ಜೊತೆಯೂ ಆಗಬಹುದು ಅನ್ನುವ ಎಚ್ಚರ ಬಂದಿದೆ.

ಈ ದಪ್ಪ ನೋಟ್‌ಬುಕ್ ಅವಳ ತಪ್ಪುಗಳ ಪುಸ್ತಕ. ಇಲ್ಲಿ ತುಂಬಾ ಮಕ್ಕಳು ಇಂಥದ್ದೊಂದು ಇಟ್ಟುಕೊಳ್ಳುತ್ತಾರೆ. ತಪ್ಪಾದ ಪ್ರಶ್ನೆಯನ್ನೂ ಸರಿಯುತ್ತರವನ್ನೂ ಬರೆದುಕೊಳ್ಳುವುದು ರೂಢಿ. ನಾವು ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದೆವು: ಪ್ಯಾಸೇಜಿನ ಯಾವ ಸಾಲು ನೋಡಿ ಈ ಉತ್ತರ ಆರಿಸಿದೆ? ಆ ಸಾಲಿನ ನಂಬರ್ ಬರೆಯಬೇಕು. ಎಷ್ಟೋ ಕಡೆ ಆ ಜಾಗ ಖಾಲಿ ಇದೆ, ನೋಡಿ. ಯಾಕೆಂದರೆ ಅವಳು ಆರಿಸಿದ ಉತ್ತರ ಯಾವ ಸಾಲಿನಲ್ಲೂ ಇರಲಿಲ್ಲ. ಅವಳ ತಲೆಯಲ್ಲಿತ್ತು. ಜೇನುಗೂಡನ್ನು ಕಟ್ಟಡದ ತಾರಸಿಯ ಮೇಲೆ ಇಟ್ಟವರ ಬಗ್ಗೆ ಒಂದು ಪ್ಯಾಸೇಜು. ಜೇನು ಇಲ್ಲದೆ ಬೆಳೆ ಇಲ್ಲ ಅನ್ನುವ ಆಯ್ಕೆಯನ್ನು ಗುರುತು ಮಾಡಿದ್ದಳು. ಜೀವಶಾಸ್ತ್ರದಲ್ಲಿ ಓದಿದ್ದಾಳೆ. ಆದರೆ ಆ ಪ್ಯಾಸೇಜು ಬೆಳೆಯ ಮಾತೇ ಆಡಿರಲಿಲ್ಲ. ಚೆನ್ನಾಗಿ ಓದುವ ಮಕ್ಕಳೇ ಇಲ್ಲಿ ಬೀಳುತ್ತಾರೆ. ಅದಕ್ಕೆ ನಮ್ಮ ಆಟದ ನಿಯಮ ಒಂದೇ: ಸಾಲಿನ ಮೇಲೆ ಬೆರಳಿಡು. ಬೆರಳಿಡಲು ಜಾಗ ಸಿಗದಿದ್ದರೆ ಆ ಉತ್ತರ ಬಿಟ್ಟುಬಿಡು.

"ಏಳರಲ್ಲಿ ಐದು" ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಅಲ್ಲಿ ದೇ, ದಿಸ್, ಇಟ್ ಅನ್ನುವ ಸಣ್ಣ ಪದಗಳೇ ದಾರಿ ತೋರಿಸುತ್ತವೆ. ಕನ್ನಡದಲ್ಲಿ "ಬಂದರು, ಊಟ ಮಾಡಿದರು, ಹೋದರು" ಅಂದರೆ ಸಾಕು, ಯಾರು ಅಂತ ಮತ್ತೆ ಮತ್ತೆ ಹೇಳುವುದಿಲ್ಲ. ಚೀನೀ ಭಾಷೆಯಲ್ಲೂ ಅಷ್ಟೇ, ಬಿಟ್ಟುಬಿಡುತ್ತಾರೆ. ಬಿಟ್ಟು ಅಭ್ಯಾಸವಾದವರಿಗೆ ಇಂಗ್ಲಿಷಿನ ಆ ಸಣ್ಣ ಪದಗಳು ಕಾಣುವುದಿಲ್ಲ. ಕಳೆದ ವಾರ ಐದರಲ್ಲಿ ಮೂರು ಸರಿಯಾಗಿತ್ತು. ಇವತ್ತು "ದೇ" ಸಿಕ್ಕಾಗಲೆಲ್ಲ "ದೇ ಅಂದರೆ ಯಾರು?" ಅಂತ ಕೇಳಿಕೊಂಡು ಓದಿಸಿದ್ದೇನೆ. ನಾಲ್ಕು ಸರಿ!

ಈಗ ಗಡಿಯಾರ ನೋಡಿ. ಡಿ ಪ್ಯಾಸೇಜು, ಎಲ್ಲಕ್ಕಿಂತ ಕಷ್ಟದ್ದು. ಒಂಬತ್ತು ನಿಮಿಷ. ಎಂಟಕ್ಕೆ ಬರಬೇಕು. ಜೂನ್ 8ಕ್ಕೆ ಇನ್ನೂ ಹನ್ನೆರಡು ಭಾನುವಾರಗಳಿವೆ. ಬರುತ್ತದೆ ಅಂತ ನನಗೆ ನಂಬಿಕೆ.

ಕೊನೆಯದಾಗಿ ಹೋದ ವಾರದ ಒಂದು ತುಣುಕು ಹಾಕುತ್ತೇನೆ. ಅವತ್ತು ನಾವು ಅವರ ಮನೆಯಲ್ಲೇ ಕೂತಿದ್ದೆವು. ಪ್ಯಾಸೇಜಿನಲ್ಲಿ ಒಂದು ಹಳೆಯ ಸೇತುವೆ ಬಂತು. ವಾಕ್ಯ ನಾಲ್ಕು ಸಾಲು ಉದ್ದ. ಪುಟ್ಟಿ ಪೆನ್ಸಿಲ್ ಕೆಳಗಿಟ್ಟು ಅಜ್ಜಿಯ ಥರ, ಚೀನೀ ಭಾಷೆಯಲ್ಲಿ, ಗಟ್ಟಿಯಾಗಿ ಶುರು ಮಾಡಿದಳು. "ಆ ಹಳೇ ಸೇತುವೆ ಇದೆಯಲ್ಲ, ಊರಿನವರೇ ಕಟ್ಟಿದ್ದು, ಹೊಳೆಯ ಕಲ್ಲು ತಂದು, ಅದು ಮೊನ್ನೆ ಮಳೆಗೆ ಬಿದ್ದುಹೋಯಿತು." ಎಷ್ಟೋ ವಾರಗಳ ಮೇಲೆ ಅವಳ ದನಿ ಅಷ್ಟು ದೊಡ್ಡದಾಗಿ ಕೇಳಿತು.

ಸುಜೌ ತುಂಬಾ ಸೇತುವೆಗಳು. ಅಡುಗೆಮನೆಯಲ್ಲಿದ್ದ ಅಜ್ಜಿ ಸೌಟು ಹಿಡಿದುಕೊಂಡೇ ಓಡಿ ಬಂದರು. "ಯಾವ ಸೇತುವೆ? ಯಾರಿಗಾದರೂ ಏಟಾಯಿತಾ?"