ಮೇಲಿನ ಮನೆಯ ಸದ್ದು, ಕೆಳಗಿನ ಮನೆಯ ಬೆಂಕಿ: ನಡುವಿನ ನೆಲ ಹೇಗಿರಬೇಕು?

[ದೃಶ್ಯ: ಒರಳಿನಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಿರುವ ಕೈ]

ನಮಸ್ಕಾರ. ದಾವಣಗೆರೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರಿಗೆ ಈ ಸದ್ದು ಗೊತ್ತು. ಮೇಲಿನ ಮನೆಯವರ ಮಾತು ನಮಗೆ ಕೇಳಿಸದು; ಅವರು ಕುಟ್ಟಿದರೆ ಮಾತ್ರ ಮಲಗಿದ ಮಗು ಬೆಚ್ಚಿ ಏಳುತ್ತದೆ.

ಮಾತು ಗಾಳಿಯಲ್ಲಿ ಬರುತ್ತದೆ, ಕಾಂಕ್ರೀಟಿನ ಭಾರ ಅದನ್ನು ತಡೆಯುತ್ತದೆ. ಕುಟ್ಟಿದ ಪೆಟ್ಟು ಹಾಗಲ್ಲ, ಸ್ಲ್ಯಾಬನ್ನೇ ನಡುಗಿಸುತ್ತದೆ. ಸ್ಲ್ಯಾಬನ್ನು ಇನ್ನೊಂದಿಂಚು ದಪ್ಪ ಮಾಡಿದರೂ ಹೆಚ್ಚೇನೂ ತಗ್ಗದು. ಅದರ ಮೇಲೆ ರಬ್ಬರ್ ಹಾಳೆಯೋ ಒತ್ತಾದ ರಾಕ್‌ವೂಲೋ (ಕಲ್ಲಿನ ನಾರಿನ ಹಾಸು) ಹಾಸಿ, ಮೇಲೆ ಸಿಮೆಂಟ್ ಅಥವಾ ಜಿಪ್ಸಮ್ ಪ್ಯಾನೆಲ್ ಕೂರಿಸಿ, ಆಮೇಲೆ ಟೈಲ್ಸ್ ಹಾಕಬೇಕು.

[ದೃಶ್ಯ: ಗೋಡೆಯಂಚು, ತೀರಾ ಹತ್ತಿರದಿಂದ]

ಕೆಲಸ ಕೆಡುವುದು ಇಲ್ಲಿ. ಪ್ಯಾನೆಲ್ ಎಲ್ಲಿಯೂ ಗೋಡೆಗೆ ತಾಗಬಾರದು. ಸುತ್ತಲೂ ಫೋಮ್ ಪಟ್ಟಿ ನಿಲ್ಲಿಸಿ, ಟೈಲ್ಸ್ ಮುಗಿದ ಮೇಲೆ ಉಳಿದ ತುದಿಯನ್ನು ಕತ್ತರಿಸಬೇಕು. ಮೇಸ್ತ್ರಿ ರೂಢಿಯಂತೆ ಆ ಸಂದಿಗೆ ಗಾರೆ ತುಂಬಿದರೆ ಪೆಟ್ಟು ಗೋಡೆ ಹಿಡಿದು ಕೆಳಗಿಳಿಯುತ್ತದೆ. ಗೋಡೆಯ ಬುಡಕ್ಕೆ ಅಂಟಿಸುವ ಸ್ಕರ್ಟಿಂಗ್ ಪಟ್ಟಿ ಕೂಡ ನೆಲದ ಟೈಲ್ಸ್ ಮೇಲೆ ಕೂರಬಾರದು. ಎರಡು ಮೂರು ಮಿಲಿಮೀಟರ್ ಬಿಟ್ಟು ಮೆತ್ತನೆಯ ಸಿಲಿಕೋನ್ ತುಂಬಿಸಿ.

ಇನ್ನು ಬೆಂಕಿ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 456 ಪ್ರಕಾರ ಬೆಂಕಿಯನ್ನು ಎರಡು ಗಂಟೆ ತಡೆಯಲು ಸ್ಲ್ಯಾಬ್ ಕನಿಷ್ಠ 125 ಮಿಲಿಮೀಟರ್ ದಪ್ಪವಿರಬೇಕು, ಒಳಗಿನ ಕಬ್ಬಿಣಕ್ಕೆ ತಕ್ಕಷ್ಟು ಕವರ್, ಅಂದರೆ ಅದನ್ನು ಮುಚ್ಚುವ ಕಾಂಕ್ರೀಟ್ ಪದರ, ಇರಬೇಕು. ಸ್ಲ್ಯಾಬ್ ಇಲ್ಲದೆ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟುವಲ್ಲಿ ಆ ಹೊಣೆ ಪ್ಯಾನೆಲ್, ಸೀಲಿಂಗ್‌ಗಳ ಮೇಲೆ ಬೀಳುತ್ತದೆ. ಜಿಪ್ಸಮ್ ತೂಕದಲ್ಲಿ ಸುಮಾರು 21 ಶೇಕಡಾ ನೀರು ಅಡಗಿದೆ. ಬಿಸಿ ತಾಗಿದಾಗ ಆ ನೀರು ಆವಿಯಾಗಿ ಮುಗಿಯುವವರೆಗೆ ಮತ್ತೊಂದು ಬದಿ ಅಷ್ಟು ಬೇಗ ಕಾಯುವುದಿಲ್ಲ. ಮೆಗ್ನೀಷಿಯಂ ಆಕ್ಸೈಡ್ ಹಲಗೆಯೂ ಬೆಂಕಿಗೆ ಗಟ್ಟಿ. ಆದರೆ ಡೆನ್ಮಾರ್ಕಿನಲ್ಲಿ ಹೊರಗೋಡೆಗೆ ಬಳಸಿದ ಕ್ಲೋರೈಡ್ ಬಗೆಯ ಹಲಗೆಗಳು ಗಾಳಿಯ ತೇವ ಹೀರಿ ಉಪ್ಪುನೀರು ಸುರಿಸಿ ಮೊಳೆಗಳನ್ನೇ ತುಕ್ಕು ಹಿಡಿಸಿದವು. ಬಚ್ಚಲ ಮನೆಯ ಪಕ್ಕಕ್ಕೆ ಅದನ್ನು ನಾನಂತೂ ಒಪ್ಪುವುದಿಲ್ಲ.

[ದೃಶ್ಯ: ಡಕ್ಟ್ ಬಾಗಿಲು, ಪೈಪುಗಳ ಸುತ್ತಲಿನ ರಂಧ್ರ]

ನನ್ನ ದೊಡ್ಡ ಚಿಂತೆ ಈ ರಂಧ್ರಗಳದ್ದು. ಪಿವಿಸಿ ಪೈಪ್ ಬೆಂಕಿಗೆ ಕರಗಿ ಬಿದ್ದರೆ ನೆಲದಲ್ಲಿ ಅಂಗೈಯಗಲದ ತೂತು ಉಳಿಯುತ್ತದೆ, ಹೊಗೆ ನೇರ ಮೇಲಿನ ಮನೆಗೆ. ಬಿಸಿಗೆ ಉಬ್ಬಿ ತೂತನ್ನು ಮುಚ್ಚುವ ಫೈರ್ ಕಾಲರ್ ಅಲ್ಲಿ ಇರಲೇಬೇಕು.

ಮನೆ ಬುಕ್ ಮಾಡುವವರು ಪ್ಯಾನೆಲ್‌ನ ಪ್ರಮಾಣಪತ್ರವೊಂದನ್ನೇ ನೋಡಿ ಸುಮ್ಮನಾಗಬೇಡಿ. ಸ್ಲ್ಯಾಬ್, ಮೆತ್ತನೆಯ ಪದರ, ಪ್ಯಾನೆಲ್ ಎಲ್ಲವನ್ನೂ ಒಟ್ಟಾಗಿ ಪರೀಕ್ಷಿಸಿದ ವರದಿ ಕೇಳಿ. ಟೈಲ್ಸ್ ಹಾಕುವ ಮೊದಲು ಒಮ್ಮೆ ಟಾರ್ಚ್ ಹಿಡಿದು ಪೈಪುಗಳು ಇಳಿಯುವ ಡಕ್ಟಿನೊಳಗೆ ನೋಡಿ. ಕೆಳಗಿನ ಮಹಡಿಯ ಬೆಳಕು ಕಂಡರೆ, ಅದನ್ನು ಮುಚ್ಚಿಸಿದ ಮೇಲೆಯೇ ಮುಂದಿನ ಕಂತು ಕಟ್ಟಿ.